ಟ್ಯಾಂಗಲ್: ಎಲ್ಲಿ ಬಳಸಬೇಕು, ಎಲ್ಲಿ ಬಳಸಬಾರದು

ಚಿಕ್ಕಬಳ್ಳಾಪುರ, ಶಿಡ್ಲಘಟ್ಟ ಕಡೆಯಿಂದ ಇಂಗ್ಲಿಷ್ ಮಾತಾಡೋದು ಕಲಿಯಲು ಬರುವ ಡಿಗ್ರಿ ಹುಡುಗ ಹುಡುಗಿಯರು ಒಂದು ಪ್ರಶ್ನೆಯನ್ನು ಬಿಡದೆ ಕೇಳುತ್ತಾರೆ. "ಮೇಡಂ, ಟ್ಯಾಂಗಲ್ ಅಂದ್ರೆ ಸಿಕ್ಕು ತಾನೇ? ಹಾಗಾದ್ರೆ ಟ್ರಾಫಿಕ್‌ನಲ್ಲಿ ಸಿಕ್ಕಿಹಾಕಿಕೊಂಡೆ ಅನ್ನೋಕೆ 'ಐ ಗಾಟ್ ಟ್ಯಾಂಗಲ್ಡ್ ಇನ್ ಟ್ರಾಫಿಕ್' ಅಂದ್ರೆ ಯಾಕೆ ತಪ್ಪು?"

ತಪ್ಪು, ಯಾಕೆಂದರೆ ಕನ್ನಡದ ಸಿಕ್ಕು ಬಹಳ ಅಗಲದ ಪದ, ಇಂಗ್ಲಿಷಿನ ಟ್ಯಾಂಗಲ್ ಕಿರಿದು. ಸಿಕ್ಕು ಮಾಡುವ ಕೆಲಸವನ್ನು ಇಂಗ್ಲಿಷ್ ನಾಲ್ಕೈದು ಪದಗಳಿಗೆ ಹಂಚಿಕೊಟ್ಟಿದೆ. ನಮ್ಮ ಕಡೆ ಮನೆಯಲ್ಲಿ ತೆಲುಗು ಆಡುವವರೂ ಜಾಸ್ತಿ. ಅವರ ಚಿಕ್ಕು ಕೂಡ ಸಿಕ್ಕಿನಷ್ಟೇ ಅಗಲ. ಹಾಗಾಗಿ ಎರಡೂ ಮನೆಯವರು ಒಂದೇ ತಪ್ಪು ಮಾಡುತ್ತಾರೆ.

ಇದಕ್ಕೆ ಬೇಕಾಗುವುದು ಒಂದು ನೋಟ್‌ಬುಕ್, ಮತ್ತೆ ಕಲಿಯುವವರಿಗೆಂದೇ ಮಾಡಿದ ಇಂಗ್ಲಿಷ್-ಇಂಗ್ಲಿಷ್ ನಿಘಂಟು. ಆಕ್ಸ್‌ಫರ್ಡ್, ಕೇಂಬ್ರಿಡ್ಜ್ ಎರಡೂ ಇಂಥವನ್ನು ಮೊಬೈಲಿನಲ್ಲೇ ಪುಕ್ಕಟೆ ನೋಡಲು ಬಿಟ್ಟಿವೆ. ಇಂಗ್ಲಿಷ್-ಕನ್ನಡ ಆ್ಯಪ್ ಬೇಡ ಅನ್ನುವುದಿಲ್ಲ. ಆದರೆ ಅದು "ಸಿಕ್ಕು, ಗೋಜಲು, ತೊಡಕು, ಜಟಿಲ" ಎಂದು ಸಾಲಾಗಿ ಕೊಟ್ಟು ಸುಮ್ಮನಾಗುತ್ತದೆ. ಯಾವುದನ್ನು ಯಾವಾಗ ಎಂದು ಹೇಳುವುದಿಲ್ಲ. ತೊಂದರೆ ಶುರುವಾಗುವುದೇ ಅಲ್ಲಿ.

ಹಂತ 1: ಬಾಯಿಗೂ ಕೈಗೂ ಕೂರಿಸಿಕೊಳ್ಳಿ

ಕಾಗುಣಿತ ಹೀಗೆ: ಟಿ, ಎ, ಎನ್, ಜಿ, ಎಲ್, ಇ. ಕೊನೆಯಲ್ಲಿ ಎಲ್ ಆದಮೇಲೆ ಇ. ಸಿಂಗಲ್, ಜಂಗಲ್, ಆ್ಯಂಗಲ್ ಎಲ್ಲ ಇದೇ ಗುಂಪು. ಏಂಜೆಲ್ ಮಾತ್ರ ಬೇರೆ. ಅದರಲ್ಲಿ ಇ ಮೊದಲು, ಎಲ್ ಆಮೇಲೆ. ಅವಸರದಲ್ಲಿ ಇವೆರಡನ್ನು ಅದಲು ಬದಲು ಮಾಡುವವರು ಬೇಕಾದಷ್ಟು ಜನ.

ಉಚ್ಚಾರದಲ್ಲಿ ನಮಗೆ ಅನುಕೂಲವೇ ಇದೆ. "ಮಂಗಳ" ಅನ್ನುವಾಗ ಬರುವ ಂಗ ಇದೆಯಲ್ಲ, ಅದೇ ಸದ್ದು. ಗ ಗಟ್ಟಿಯಾಗಿ ಕೇಳಬೇಕು. ಮೊದಲ ಅಕ್ಷರ ಬ್ಯಾಂಕ್ ಅನ್ನುವಾಗಿನ ಹಾಗೆ ಬಾಯಿ ತೆರೆದು. ಜಿ ನೋಡಿ "ಟ್ಯಾಂಜಲ್" ಅನ್ನಬೇಡಿ. ಟ್ಯಾಂಜೆಂಟ್, ಟ್ಯಾಂಜಿಬಲ್ ಅನ್ನುವುದರಲ್ಲಿ ಜ ಸದ್ದಿದೆ ನಿಜ, ಆದರೆ ಅವು ಮುಟ್ಟು ಎಂಬ ಅರ್ಥದ ಲ್ಯಾಟಿನ್ ಪದದಿಂದ ಬಂದವು. ಟ್ಯಾಂಗಲ್‌ಗೂ ಅವಕ್ಕೂ ನಂಟಿಲ್ಲ. ಟ್ರೈಆ್ಯಂಗಲ್, ರೆಕ್ಟ್ಯಾಂಗಲ್ ಕೂಡ ನೆಂಟರಲ್ಲ. ಅಲ್ಲಿರುವುದು ಆ್ಯಂಗಲ್, ಅಂದರೆ ಕೋನ. ಟ್ಯಾಂಗಲ್ ಇಂಗ್ಲಿಷಿಗೆ ಸುಮಾರು 14ನೇ ಶತಮಾನದಲ್ಲಿ ಕ್ರಿಯಾಪದವಾಗಿ ಬಂತು. ಸ್ಕ್ಯಾಂಡಿನೇವಿಯಾ ಕಡೆಯ ಪದ ಇರಬೇಕು ಎನ್ನುವುದು ನಿಘಂಟು ಮಾಡುವವರ ಅಂದಾಜು. ನಾಮಪದವಾದದ್ದು ಆಮೇಲೆ.

ಹಂತ 2: ಇದು ಯಾವ ಸಿಕ್ಕು ಎಂದು ಮೊದಲು ಕೇಳಿಕೊಳ್ಳಿ

ಎಲ್ಲಕ್ಕಿಂತ ಮುಖ್ಯವಾದ ಹಂತ ಇದು. ಇಲ್ಲಿ ನಿಧಾನಿಸಿ.

ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯುವ ಕಡೆ ನಿಂತು ನೋಡಿದ್ದರೆ ಇದು ಬೇಗ ತಿಳಿಯುತ್ತದೆ. ಗೂಡನ್ನು ಬಿಸಿ ನೀರಿಗೆ ಹಾಕುತ್ತಾರೆ. ಎಳೆಗಳನ್ನು ಹಿಡಿದಿಟ್ಟ ಅಂಟು ಸಡಿಲವಾಗುತ್ತದೆ. ಮೇಲಿನ ಜಾಳು ಎಳೆಗಳನ್ನು ತೆಗೆದು ಹಾಕಿ ಸರಿಯಾದ ತುದಿ ಹುಡುಕುತ್ತಾರೆ. ಒಳ್ಳೆಯ ದ್ವಿತಳಿ (ಬೈವೋಲ್ಟೈನ್) ರೇಷ್ಮೆಹುಳುವಿನ ಗೂಡಾದರೆ ಆ ಒಂದೇ ಎಳೆ ಸಾವಿರ ಮೀಟರ್ ಆಸುಪಾಸು ಬರುತ್ತದೆ. ಈಗ ಎರಡು ಮಾತು ಕೇಳಿ. "ತುದಿ ಸಿಕ್ಕಿತು" ಅಂದರೆ ಕೆಲಸ ಆಯಿತು. "ಎಳೆ ಸಿಕ್ಕಾಯಿತು" ಅಂದರೆ ಕೆಲಸ ಕೆಟ್ಟಿತು. ಇಂಗ್ಲಿಷಿನಲ್ಲಿ ಮೊದಲನೆಯದು "ಫೌಂಡ್", ಎರಡನೆಯದು "ಟ್ಯಾಂಗಲ್ಡ್". ಕನ್ನಡದವರಿಗೆ ಸಂದರ್ಭ ನೋಡಿದರೆ ಸಾಕು, ಗೊತ್ತಾಗಿಬಿಡುತ್ತದೆ. ಇಂಗ್ಲಿಷಿನಲ್ಲಿ ಪದವನ್ನೇ ಬದಲಿಸಬೇಕು.

ಫೌಂಡ್ ವಿಷಯದಲ್ಲಿ ಯಾರೂ ಎಡವುವುದಿಲ್ಲ. ಎಡವುವುದು "ಸಿಕ್ಕಿಕೊಂಡಿತು" ಎಂಬಲ್ಲಿ. ಅದಕ್ಕೆ ಇಂಗ್ಲಿಷಿನಲ್ಲಿ ನಾಲ್ಕು ಪದಗಳಿವೆ.

ಸ್ಟಕ್: ಮುಂದೆ ಹೋಗುವುದಿಲ್ಲ, ಹಿಂದೆ ಬರುವುದಿಲ್ಲ. ಕೆಸರಲ್ಲಿ ಹೂತ ಟ್ರ್ಯಾಕ್ಟರ್, ಅರ್ಧಕ್ಕೆ ನಿಂತ ಲಿಫ್ಟ್, ಹೆಬ್ಬಾಳದ ಟ್ರಾಫಿಕ್, ಮೇಜಿನ ಮೇಲೆ ಕೂತ ಫೈಲು. ಎಲ್ಲವೂ ಸ್ಟಕ್.

ಕಾಟ್: ಒಂದು ಕಡೆ ತಗಲಿಕೊಂಡಿದೆ, ಅಷ್ಟೇ. ಸೆರಗು ಮೊಳೆಗೆ, ಅಂಗಿಯ ತೋಳು ಜಾಲಿ ಮುಳ್ಳಿಗೆ. ಬಿಡಿಸಲು ಒಂದು ಸಲ ಎತ್ತಿದರೆ ಸಾಕು.

ಟ್ರ್ಯಾಪ್ಡ್: ಸುತ್ತ ಮುಚ್ಚಿಕೊಂಡಿದೆ, ಹೊರಗೆ ದಾರಿಯಿಲ್ಲ. ಪಾಳು ಬಾವಿಗೆ ಬಿದ್ದ ಚಿರತೆ, ಬೋನಿಗೆ ಬಿದ್ದ ಇಲಿ.

ಟ್ಯಾಂಗಲ್ಡ್: ಉದ್ದವಾದದ್ದು, ಬಳುಕುವಂಥದ್ದು, ಸುತ್ತಿ ಸುತ್ತಿ ಒಂದರೊಳಗೊಂದು ಹೋಗಿದೆ. ಕೂದಲು, ದಾರ, ವೈರು, ಹಗ್ಗ, ಬಳ್ಳಿ, ಬಲೆ.

ಪರೀಕ್ಷೆ ಸುಲಭ. ಅಲ್ಲಿ ಎಳೆಯಂಥದ್ದು ಏನಾದರೂ ಇದೆಯಾ? ಅದು ಸುತ್ತಿಕೊಂಡಿದೆಯಾ? ಎರಡಕ್ಕೂ ಹೌದು ಅನ್ನುವುದಾದರೆ ಟ್ಯಾಂಗಲ್. ಟ್ರಾಫಿಕ್‌ನಲ್ಲಿ ನೀವು ಯಾವುದಕ್ಕೂ ಸುತ್ತಿಕೊಂಡಿಲ್ಲ, ನಿಂತಿದ್ದೀರಿ ಅಷ್ಟೇ. ಆದ್ದರಿಂದ "ಐ ಗಾಟ್ ಸ್ಟಕ್ ಇನ್ ಟ್ರಾಫಿಕ್". ಬೈಕಿನ ಹಿಂದೆ ಕೂತವರ ದುಪಟ್ಟ ಗಾಳಿಗೆ ಹಾರಿ ಚಕ್ರಕ್ಕೆ ಸುತ್ತಿಕೊಂಡರೆ ಅದು ಟ್ಯಾಂಗಲ್. ನಮ್ಮಲ್ಲಿ ಬೈಕಿಗೆ ಸಾರಿ ಗಾರ್ಡ್ ಇರುವುದು ಈ ಟ್ಯಾಂಗಲ್ ಆಗದಿರಲಿ ಎಂದೇ. ಅದನ್ನು ಬಿಚ್ಚಿಸಿ ಬೈಕನ್ನು ಸ್ಟೈಲ್ ಮಾಡಿಕೊಳ್ಳುವವರಿಗೆ ಇಂಗ್ಲಿಷ್ ಪಾಠಕ್ಕಿಂತ ಬೇರೆ ಪಾಠ ಬೇಕು.

ಇನ್ನೊಂದು ಪದ ನಾಟ್, ಅಂದರೆ ಗಂಟು. ಗಂಟನ್ನು ಬೇಕೆಂದೇ ಹಾಕಬಹುದು. ಹೂ ಕಟ್ಟುವವರು ಬಾಳೆನಾರಿನಲ್ಲಿ ಹಾಕುವುದು ನಾಟ್. ಟ್ಯಾಂಗಲ್ ಯಾರೂ ಬೇಕೆಂದು ಮಾಡುವುದಲ್ಲ, ತಾನಾಗಿ ಆಗುವುದು. ಕೂದಲಿಗೆ ಮಾತ್ರ ಎರಡೂ ನಡೆಯುತ್ತವೆ.

ಹಂತ 3: "ಆಯಿತು" ಬೇಕೋ "ಆಗಿದೆ" ಬೇಕೋ ನೋಡಿ

"ಸಿಕ್ಕಾಯಿತು" ಎಂದರೆ ಘಟನೆ. ಅದಕ್ಕೆ "ಗಾಟ್ ಟ್ಯಾಂಗಲ್ಡ್". "ಸಿಕ್ಕಾಗಿದೆ" ಎಂದರೆ ಈಗಿರುವ ಸ್ಥಿತಿ. ಅದಕ್ಕೆ "ಈಸ್ ಟ್ಯಾಂಗಲ್ಡ್", ಬಹುವಚನವಾದರೆ "ಆರ್ ಟ್ಯಾಂಗಲ್ಡ್".

"ಮೈ ಇಯರ್‌ಫೋನ್ಸ್ ಗಾಟ್ ಟ್ಯಾಂಗಲ್ಡ್ ಇನ್ ಮೈ ಬ್ಯಾಗ್": ಬ್ಯಾಗಿನಲ್ಲಿ ಇಯರ್‌ಫೋನ್ ಸಿಕ್ಕಾಯಿತು.
"ಹರ್ ಹೇರ್ ಈಸ್ ಟ್ಯಾಂಗಲ್ಡ್": ಅವಳ ಕೂದಲು ಸಿಕ್ಕಾಗಿದೆ. ತಲೆಗೂದಲಿಗೆ ಹೇರ್, ಏಕವಚನ. "ಹೇರ್ಸ್ ಆರ್" ಅನ್ನಬೇಡಿ.

"ಆಗುತ್ತದೆ" ಎಂಬ ಸ್ವಭಾವ ಹೇಳಬೇಕಾದರೆ ಗೆಟ್ ಇಲ್ಲದೆಯೂ ನಡೆಯುತ್ತದೆ: "ಲಾಂಗ್ ಹೇರ್ ಟ್ಯಾಂಗಲ್ಸ್ ಈಸಿಲಿ", ಉದ್ದ ಕೂದಲು ಬೇಗ ಸಿಕ್ಕಾಗುತ್ತದೆ.

"ನಾನು ವೈರನ್ನು ಸಿಕ್ಕು ಮಾಡಿದೆ" ಎನ್ನಲು "ಐ ಟ್ಯಾಂಗಲ್ಡ್ ದಿ ವೈರ್" ಎಂದರೆ ವ್ಯಾಕರಣ ಸರಿ. ಆದರೆ ಇಂಗ್ಲಿಷಿನವರು ಹಾಗೆ ಹೇಳುವುದು ಕಡಿಮೆ. ಯಾರ ಮೇಲೂ ಹಾಕದೆ "ದಿ ವೈರ್ ಗಾಟ್ ಟ್ಯಾಂಗಲ್ಡ್" ಎಂದುಬಿಡುತ್ತಾರೆ. ಬೆಕ್ಕಿನ ಮರಿ ಉಲ್ಲನ್ ಉಂಡೆಯ ಜೊತೆ ಆಡಿದ್ದರೆ ಮಾತ್ರ ಅದರ ಮೇಲೆ ಹಾಕಬಹುದು!

ಹಂತ 4: ಪಕ್ಕದ ಸಣ್ಣ ಪದ ತಪ್ಪಬೇಡಿ

ಪ್ರಿಪೊಸಿಷನ್, ಅಂದರೆ ಕನ್ನಡದಲ್ಲಿ ನಾವು ಅಲ್ಲಿ, ಇಂದ, ಜೊತೆ ಎಂದು ಪದದ ಹಿಂದೆ ಅಂಟಿಸುವುದನ್ನು ಇಂಗ್ಲಿಷಿನವರು ಮುಂದೆ ಬೇರೆಯಾಗಿ ಇಡುತ್ತಾರಲ್ಲ, ಅದು. ಟ್ಯಾಂಗಲ್ ಜೊತೆ ಈ ಸಣ್ಣ ಪದ ಬದಲಾದರೆ ಅರ್ಥವೇ ಬದಲಾಗುತ್ತದೆ.

ಆಫ್ ಬಂದರೆ ರಾಶಿ. "ಎ ಟ್ಯಾಂಗಲ್ ಆಫ್ ವೈರ್ಸ್", ಸಿಕ್ಕಾದ ವೈರುಗಳ ಗೋಜಲು. ಕರೆಂಟ್ ಕಂಬದ ಮೇಲೆ ಕೇಬಲ್ಲು, ಇಂಟರ್ನೆಟ್ ವೈರು ಎಲ್ಲ ಒಟ್ಟಿಗೆ ಜೋತುಬಿದ್ದಿರುವುದನ್ನು ತೋರಿಸಿ ಹೇಳಲು ಇದಕ್ಕಿಂತ ಒಳ್ಳೆ ಮಾತಿಲ್ಲ.

ಇನ್ ಬಂದರೆ ಒಳಗೆ. "ಟ್ಯಾಂಗಲ್ಡ್ ಇನ್ ದಿ ವೀಲ್", ಚಕ್ರದಲ್ಲಿ. ಅರೌಂಡ್ ಬಂದರೆ ಸುತ್ತ. "ಟ್ಯಾಂಗಲ್ಡ್ ಅರೌಂಡ್ ದಿ ಪೋಲ್", ಕಂಬಕ್ಕೆ. ಇವು ಕಷ್ಟವಲ್ಲ. ಅಪ್ ಸೇರಿಸಿದರೆ ಸ್ವಲ್ಪ ಒತ್ತು ಬರುತ್ತದೆ, "ಪೂರ್ತಿ ಸಿಕ್ಕಾಗಿದೆ" ಅನ್ನುವ ಹಾಗೆ. ಬಿಟ್ಟರೂ ನಷ್ಟವಿಲ್ಲ.

ಎಚ್ಚರ ಬೇಕಾದದ್ದು ವಿತ್ ಹತ್ತಿರ. ಎರಡು ವಸ್ತುಗಳ ನಡುವೆ ಬಂದರೆ ಸಾದಾ ಅರ್ಥ: "ದಿ ಚಾರ್ಜರ್ ಗಾಟ್ ಟ್ಯಾಂಗಲ್ಡ್ ವಿತ್ ದಿ ಇಯರ್‌ಫೋನ್ಸ್", ಚಾರ್ಜರ್ ವೈರೂ ಇಯರ್‌ಫೋನೂ ಸೇರಿ ಸಿಕ್ಕಾದವು. ಮನುಷ್ಯರ ಜೊತೆ, ಅದೂ ಗೆಟ್ ಇಲ್ಲದೆ ನೇರವಾಗಿ "ಟ್ಯಾಂಗಲ್ ವಿತ್" ಬಂದರೆ ಅದು ಜಗಳ. "ಡೋಂಟ್ ಟ್ಯಾಂಗಲ್ ವಿತ್ ಹಿಮ್" ಎಂದರೆ ಅವನ ತಂಟೆಗೆ ಹೋಗಬೇಡ. ನಮ್ಮ ತಂಟೆ ಇದಕ್ಕೆ ಅಳತೆ ಮಾಡಿ ಹೊಲಿಸಿದ ಅಂಗಿಯಂತೆ ಕೂರುತ್ತದೆ. ಕೈಕೈ ಮಿಲಾಯಿಸಲೇಬೇಕು ಎಂದೇನಿಲ್ಲ, ಬಾಯಿಜಗಳ, ಹಗ್ಗಜಗ್ಗಾಟ ಎಲ್ಲಕ್ಕೂ ಆಗುತ್ತದೆ. ಎದುರಿನವರು ನಮಗಿಂತ ಗಟ್ಟಿ ಎಂಬ ಸೂಚನೆಯೂ ಅದರಲ್ಲಿ ಹೆಚ್ಚಾಗಿ ಇರುತ್ತದೆ. ಆಟದ ಸುದ್ದಿಯಲ್ಲಿ ಎರಡು ತಂಡ ಸೆಣಸುವುದಕ್ಕೂ ಟ್ಯಾಂಗಲ್ ಬರೆಯುತ್ತಾರೆ, ಅಮೆರಿಕದ ಪತ್ರಿಕೆಗಳಲ್ಲಿ ಇದು ಜಾಸ್ತಿ.

ಮತ್ತೆ "ಗಾಟ್ ಟ್ಯಾಂಗಲ್ಡ್ ಅಪ್ ವಿತ್" ಒಬ್ಬ ವ್ಯಕ್ತಿ ಅಥವಾ ಗುಂಪಿನ ಜೊತೆ ಬಂದರೆ ಜಗಳವಲ್ಲ. ಸೇರಬಾರದವರ ಜೊತೆ ಸೇರಿ ಸಿಕ್ಕಿಹಾಕಿಕೊಂಡ ಎಂದು. ಬಡ್ಡಿ ವ್ಯವಹಾರದವರ ಸಹವಾಸ ಮಾಡಿ ಬಿಡಿಸಿಕೊಳ್ಳಲಾಗದವರ ಬಗ್ಗೆ ಹೀಗೆ ಹೇಳಬಹುದು. ಸಂದರ್ಶನದಲ್ಲಿ "ಐ ಟ್ಯಾಂಗಲ್ಡ್ ವಿತ್ ಮೈ ಟೀಮ್" ಎಂದು ಹೇಳಿ, ತಂಡದ ಜೊತೆ ಬೆರೆತು ಕೆಲಸ ಮಾಡಿದೆ ಎಂದುಕೊಂಡರೆ ಕಥೆ ಮುಗಿಯಿತು. ಕೇಳಿದವರಿಗೆ ನೀವು ತಂಡದ ಜೊತೆ ಗುದ್ದಾಡಿದಿರಿ ಅಂತಲೇ ಅರ್ಥವಾಗುವುದು.

ಹಂತ 5: ಎಳೆ ಇಲ್ಲದ ಕಡೆ ಬಳಸುವುದು

ದಾರ, ಕೂದಲು ಬಿಟ್ಟು ವ್ಯವಹಾರಕ್ಕೂ ಟ್ಯಾಂಗಲ್ ಬರುತ್ತದೆ. ನಮ್ಮ ದೇಶದ ಇಂಗ್ಲಿಷ್ ಪತ್ರಿಕೆಗಳಿಗೆ "ಲೀಗಲ್ ಟ್ಯಾಂಗಲ್" ಎಂದರೆ ಬಲು ಇಷ್ಟ. ಚಿಕ್ಕ ಪದ, ತಲೆಬರಹದಲ್ಲಿ ಹಿಡಿಸುತ್ತದೆ. ಅರ್ಥ: ಕಾನೂನಿನ ತೊಡಕು, ಒಂದು ಬಿಡಿಸಲು ಹೋದರೆ ಇನ್ನೊಂದು ಎಳೆಯುವಂಥದ್ದು.

ನಮ್ಮ ಜಿಲ್ಲೆಯವರಿಗೆ ಉದಾಹರಣೆ ಹುಡುಕಬೇಕಿಲ್ಲ. ತಾತನ ಹೆಸರಿನ ಪಹಣಿ. ಅದರಲ್ಲಿ ನಾಲ್ಕು ಜನರ ಪಾಲು. ಪೋಡಿ ಆಗಿಲ್ಲ, ಅಂದರೆ ಸರ್ವೆ ನಂಬರನ್ನು ಅಳೆದು ಭಾಗ ಮಾಡಿ ಬೇರೆ ಬೇರೆ ನಂಬರ್ ಕೊಟ್ಟಿಲ್ಲ. ಒಬ್ಬರು ತಮ್ಮ ಪಾಲು ಮಾರಿದ್ದಾರೆ. ಇನ್ನೊಬ್ಬರು ಕೋರ್ಟಿಗೆ ಹೋಗಿದ್ದಾರೆ. ಇದು ಅಪ್ಪಟ ಲೀಗಲ್ ಟ್ಯಾಂಗಲ್. ಕೋರ್ಟಿಗೆ ಹೋಗಿರುವುದರಿಂದ ಅಲ್ಲ, ಒಂದರೊಳಗೊಂದು ಹೆಣೆದುಕೊಂಡಿರುವುದರಿಂದ. ಬೇಲಿ ವಿಷಯಕ್ಕೆ ಇಬ್ಬರ ನಡುವಿನ ನೇರ ತಕರಾರಾದರೆ ಅದು ಡಿಸ್ಪ್ಯೂಟ್ ಅಷ್ಟೇ.

ಒಂದು ಎಚ್ಚರಿಕೆ. ಈ ಪದ ಪತ್ರಿಕೆಗೆ, ಮಾತಿಗೆ ಸರಿ. ತಹಶೀಲ್ದಾರರಿಗೆ, ಬ್ಯಾಂಕಿಗೆ ಇಂಗ್ಲಿಷಿನಲ್ಲಿ ಅರ್ಜಿ ಬರೆಯುವಾಗ "ಅವರ್ ಲ್ಯಾಂಡ್ ಈಸ್ ಇನ್ ಎ ಟ್ಯಾಂಗಲ್" ಎಂದು ಬರೆಯಬೇಡಿ. ಡಿಸ್ಪ್ಯೂಟ್ ಇದ್ದರೆ ಡಿಸ್ಪ್ಯೂಟ್ ಎನ್ನಿ. ಕೇಸು ನಡೆಯುತ್ತಿದ್ದರೆ ಕೇಸ್ ನಂಬರ್ ಬರೆಯಿರಿ. ಅಲ್ಲಿ ಬಣ್ಣದ ಮಾತು ಕೆಲಸಕ್ಕೆ ಬಾರದು.

ಮನಸ್ಸಿನ ಗೊಂದಲಕ್ಕೆ? "ಐ ಆಮ್ ಟ್ಯಾಂಗಲ್ಡ್" ಎಂದು ಬಹಳ ಜನ ಬರೆಯುತ್ತಾರೆ. ಕೇಳಿದವರು ನಿಮ್ಮ ಕಾಲಿಗೆ ಹಗ್ಗ ಸುತ್ತಿಕೊಂಡಿದೆಯೇನೋ ಎಂದು ನೋಡುತ್ತಾರೆ. ಗೊಂದಲವಾಗಿದ್ದರೆ "ಐ ಆಮ್ ಕನ್‌ಫ್ಯೂಸ್ಡ್". ಯೋಚನೆಗಳು ಗೋಜಲಾಗಿವೆ ಎನ್ನಬೇಕಾದರೆ "ಮೈ ಥಾಟ್ಸ್ ಆರ್ ಟ್ಯಾಂಗಲ್ಡ್" ಸರಿ, ಯಾಕೆಂದರೆ ಅಲ್ಲಿ ಹೆಣೆದುಕೊಳ್ಳುವುದು ಯೋಚನೆ, ನೀವಲ್ಲ.

ಪತ್ರಿಕೆಯಲ್ಲಿ ಕಾಣುವ "ಟ್ರಾಫಿಕ್ ಸ್ನಾರ್ಲ್", ಅಂದರೆ ವಾಹನಗಳ ಗೋಜಲು, ಕೂಡ ಟ್ಯಾಂಗಲ್‌ನ ಒಡಹುಟ್ಟು. ಸ್ನಾರ್ಲ್ ಅಂದರೆ ನಾಯಿ ಹಲ್ಲು ತೋರಿಸಿ ಗುರ್ ಎನ್ನುವುದೂ ಹೌದು. ಎರಡೂ ಅರ್ಥ ಗೊತ್ತಿದ್ದರೆ ಪತ್ರಿಕೆ ಓದುವಾಗ ಗಾಬರಿಯಾಗುವುದಿಲ್ಲ.

ಹಂತ 6: ಎಂಟ್ಯಾಂಗಲ್ ಬಂದಾಗ ಏನು ಬದಲಾಗುತ್ತದೆ

ಟ್ಯಾಂಗಲ್ ವಸ್ತುವಿನ ಸ್ಥಿತಿ ಹೇಳುತ್ತದೆ. ಎಂಟ್ಯಾಂಗಲ್ ಹೆಚ್ಚಾಗಿ ಸಿಕ್ಕಿಬಿದ್ದವರ ಬಗ್ಗೆ ಹೇಳುತ್ತದೆ. ದ್ರಾಕ್ಷಿ ತೋಟಕ್ಕೆ ಹಕ್ಕಿ ಬಾರದಂತೆ ಬಲೆ ಹೊದಿಸಿರುತ್ತಾರಲ್ಲ, ಬಲೆ ತಾನೇ ಮುದ್ದೆಯಾಗಿದ್ದರೆ "ದಿ ನೆಟ್ ಈಸ್ ಟ್ಯಾಂಗಲ್ಡ್". ಅದರಲ್ಲಿ ಗಿಳಿಯ ಕಾಲು ಸುತ್ತಿಕೊಂಡರೆ "ಎ ಪ್ಯಾರಟ್ ಗಾಟ್ ಎಂಟ್ಯಾಂಗಲ್ಡ್ ಇನ್ ದಿ ನೆಟ್". ಗಿಳಿಗೂ ಟ್ಯಾಂಗಲ್ಡ್ ಎಂದರೆ ತಪ್ಪಲ್ಲ, ಬರಹದಲ್ಲಿ ಎಂಟ್ಯಾಂಗಲ್ಡ್ ಹೆಚ್ಚು ಒಪ್ಪುತ್ತದೆ. ಒತ್ತು ಬೀಳಬೇಕಾದದ್ದು ಟ್ಯಾಂ ಮೇಲೆ, ಎಂ ಮೇಲಲ್ಲ.

ಎಂಟ್ಯಾಂಗಲ್‌ಮೆಂಟ್ ಎಂಬ ನಾಮಪದ ಜಾರುಬಂಡೆ. ಜನರ ನಡುವೆ ಬಂದರೆ ಮುಜುಗರದ, ಬಿಡಿಸಿಕೊಳ್ಳಲು ಕಷ್ಟವಾದ ಸಂಬಂಧ ಎಂಬ ವಾಸನೆ ಅದಕ್ಕಿದೆ, ಹೆಚ್ಚಾಗಿ ಪ್ರೇಮದ್ದು. ಹಾಗಾಗಿ ಕೆಲಸದ ಅರ್ಜಿಯಲ್ಲಿ "ಮೈ ಎಂಟ್ಯಾಂಗಲ್‌ಮೆಂಟ್ ವಿತ್ ದಿಸ್ ಕಂಪನಿ" ಎಂದು ಬರೆದರೆ ನಗುತ್ತಾರೆ. ಅಲ್ಲಿ ಬೇಕಾದದ್ದು ಅಸೋಸಿಯೇಷನ್.

ಮೊದಲ ಮಹಾಯುದ್ಧದ ಬಗ್ಗೆ ಓದುವಾಗ "ವೈರ್ ಎಂಟ್ಯಾಂಗಲ್‌ಮೆಂಟ್" ಸಿಗುತ್ತದೆ. ಶತ್ರು ಸೈನಿಕರು ನುಗ್ಗದಂತೆ ಕಂದಕದ ಮುಂದೆ ಹರಡುತ್ತಿದ್ದ ಮುಳ್ಳುತಂತಿ ಅದು.

ಪಿಯುಸಿ, ಬಿಎಸ್ಸಿ ಮಕ್ಕಳು ಕೇಳುವ ಕ್ವಾಂಟಮ್ ಎಂಟ್ಯಾಂಗಲ್‌ಮೆಂಟ್ ಬೇರೆ ಲೋಕದ್ದು. 1935ರಲ್ಲಿ ಭೌತವಿಜ್ಞಾನಿ ಎರ್ವಿನ್ ಶ್ರೋಡಿಂಗರ್ ಈ ಹೆಸರಿಟ್ಟರು. ಎರಡು ಕಣಗಳು ದೂರ ಹೋದರೂ, ಒಂದರ ಸ್ಥಿತಿಯನ್ನು ಬಿಟ್ಟು ಇನ್ನೊಂದರ ಸ್ಥಿತಿಯನ್ನು ಬೇರೆಯಾಗಿ ಪೂರ್ತಿ ಹೇಳಲು ಆಗದಂತೆ ಬೆಸೆದಿರುವುದು ಎಂದು ಅರ್ಥ. ಈ ಬಗ್ಗೆ ಪ್ರಯೋಗ ಮಾಡಿದ ಅಲೆನ್ ಆಸ್ಪೆ, ಜಾನ್ ಕ್ಲೌಸರ್, ಆಂಟನ್ ಸೈಲಿಂಗರ್ ಅವರಿಗೆ 2022ರಲ್ಲಿ ಭೌತವಿಜ್ಞಾನದ ನೊಬೆಲ್ ಬಂತು. ಅಲ್ಲಿ ಯಾವ ದಾರವೂ ಇಲ್ಲ, ಜಂಜಾಟವೂ ಇಲ್ಲ. ಪರೀಕ್ಷೆಯಲ್ಲಿ ಸಿಕ್ಕು, ಗೋಜಲು ಎಂದು ಅನುವಾದ ಮಾಡಿ ಅಂಕ ಕಳೆದುಕೊಳ್ಳಬೇಡಿ.

ವೈದ್ಯರ ಬಾಯಲ್ಲಿ ಟ್ಯಾಂಗಲ್ಸ್ ಕೇಳಿದರೆ ಅದು ಆಲ್ಜೈಮರ್ ಕಾಯಿಲೆ, ಅಂದರೆ ಮರೆವಿನ ಕಾಯಿಲೆಯ ವಿಷಯ ಇರಬಹುದು. ಟೌ ಎಂಬ ಪ್ರೋಟೀನ್ ಮಿದುಳಿನ ನರಕೋಶದೊಳಗೆ ಎಳೆ ಎಳೆಯಾಗಿ ತಿರುಚಿಕೊಂಡು ಸೇರುವುದು. ಆಲೋಯ್ಸ್ ಆಲ್ಜೈಮರ್ 1906ರಲ್ಲೇ ಇಂಥ ಎಳೆಗಳ ಬಗ್ಗೆ ಹೇಳಿದ್ದರು. ಸ್ಕಾಟ್ಲೆಂಡ್ ಕಡೆ ಟ್ಯಾಂಗಲ್ ಎಂದರೆ ಒಂದು ಬಗೆಯ ಕಡಲಪಾಚಿ. ಅದರ ಮೂಲವೇ ಬೇರೆ, ನಮಗೆ ಅದರಿಂದ ಕೆಲಸವಿಲ್ಲ.

ಹಂತ 7: ಬಿಡಿಸುವುದನ್ನೂ ಕಲಿಯಿರಿ

ಅನ್‌ಟ್ಯಾಂಗಲ್: ಒಂದೇ ಗೋಜಲನ್ನು ಸಡಿಲಿಸಿ ಸರಿ ಮಾಡುವುದು. ಇಯರ್‌ಫೋನ್, ಹಗ್ಗ, ಲೆಕ್ಕಪತ್ರ.

ಡಿಸ್ಎಂಟ್ಯಾಂಗಲ್: ಒಂದರಿಂದ ಇನ್ನೊಂದನ್ನು ಬೇರ್ಪಡಿಸುವುದು, ಆದ್ದರಿಂದ ಹಿಂದೆಯೇ ಫ್ರಂ ಬರುತ್ತದೆ. ಗಿಳಿಯನ್ನು ಬಲೆಯಿಂದ. ಕೆಟ್ಟ ಪಾಲುದಾರಿಕೆಯಿಂದ ನಿಮ್ಮನ್ನು ನೀವೇ.

ಡಿಟ್ಯಾಂಗಲ್: ಹೆಚ್ಚಾಗಿ ಕೂದಲಿಗೆ. ಅಂಗಡಿಯಲ್ಲಿ ಬಾಟಲಿ ಮೇಲೆ, ಅಗಲ ಹಲ್ಲಿನ ಬಾಚಣಿಗೆ ಮೇಲೆ ಡಿಟ್ಯಾಂಗ್ಲಿಂಗ್ ಎಂದಿರುತ್ತದೆ. ಕೂದಲಿನ ತುದಿಯಿಂದ ಶುರು ಮಾಡಿ ಮೇಲಕ್ಕೆ ಹೋಗಿ ಎಂದು ಅದರ ಹಿಂದೆ ಬರೆದಿದ್ದರೆ ಕೇಳಿ, ಅದು ಒಳ್ಳೆ ಮಾತು.

"ಡಿಸ್‌ಟ್ಯಾಂಗಲ್" ಎಂಬ ಪದ ಬಳಕೆಯಲ್ಲಿಲ್ಲ. ನಡುವಿನ ಇ, ಎನ್ ಬಿಟ್ಟು ಬರೆಯಬೇಡಿ.

ಹಂತ 8: ಈಗ ಮಾಡಿ ನೋಡಿ

ಉತ್ತರ ನೋಡದೆ ಮೊದಲು ನೋಟ್‌ಬುಕ್ಕಿನಲ್ಲಿ ಬರೆಯಿರಿ.

ಅ. ಮೇಕೆ ಕಟ್ಟಿದ ಹಗ್ಗ ಹೊಂಗೆ ಮರಕ್ಕೆ ಸುತ್ತಿಕೊಂಡು ಸಿಕ್ಕಾಗಿದೆ.
ಆ. ಬಸ್ಸು ಬಾಗೇಪಲ್ಲಿ ಹತ್ತಿರ ಕೆಸರಲ್ಲಿ ಸಿಕ್ಕಿಕೊಂಡಿತು.
ಇ. ಅಮ್ಮನ ಸೆರಗು ಗೇಟಿಗೆ ಸಿಕ್ಕಿಕೊಂಡಿತು.
ಈ. ಆ ಮೇಸ್ತ್ರಿ ತಂಟೆಗೆ ಹೋಗಬೇಡ.
ಉ. ಹೊಲದ ಮೂಲೆಯಲ್ಲಿ ಹಳೇ ಡ್ರಿಪ್ ಪೈಪುಗಳ ಗೋಜಲು ಬಿದ್ದಿತ್ತು.
ಊ. ಒಣಗಿದ ಟೊಮೆಟೊ ಗಿಡದಿಂದ ದಾರ ಬಿಡಿಸು.

ಉತ್ತರಗಳು. ಅ: "ದಿ ಗೋಟ್ಸ್ ರೋಪ್ ಈಸ್ ಟ್ಯಾಂಗಲ್ಡ್ ಅರೌಂಡ್ ದಿ ಟ್ರೀ." ಆಗಿದೆ ಎಂದಿರುವುದರಿಂದ ಈಸ್. ಆ: "ಗಾಟ್ ಸ್ಟಕ್ ಇನ್ ದಿ ಮಡ್", ಎಳೆಯೇ ಇಲ್ಲ. ಇ: "ಗಾಟ್ ಕಾಟ್ ಆನ್ ದಿ ಗೇಟ್". ಸೆರಗು ಬಳುಕುತ್ತದೆ ನಿಜ, ಆದರೆ ಸುತ್ತಿಕೊಂಡಿಲ್ಲ. ಈ: "ಡೋಂಟ್ ಟ್ಯಾಂಗಲ್ ವಿತ್ ದಟ್ ಮೇಸ್ತ್ರಿ." ಉ: "ಎ ಟ್ಯಾಂಗಲ್ ಆಫ್ ಓಲ್ಡ್ ಡ್ರಿಪ್ ಪೈಪ್ಸ್." ಪೈಪ್ಸ್ ಎಂದು ಬಹುವಚನ ಬಂದರೂ ಟ್ಯಾಂಗಲ್ ಒಂದೇ, ಆದ್ದರಿಂದ ಮುಂದೆ "ವಾಸ್ ಲೈಯಿಂಗ್", ವರ್ ಅಲ್ಲ. ಊ: "ಡಿಸ್ಎಂಟ್ಯಾಂಗಲ್ ದಿ ಟ್ವೈನ್ ಫ್ರಂ ದಿ ಪ್ಲಾಂಟ್ಸ್." ಅನ್‌ಟ್ಯಾಂಗಲ್ ಬರೆದವರಿಗೂ ಅಂಕ ಕೊಡಬಹುದು, ಫ್ರಂ ಬಿಡದೆ ಬರೆದಿದ್ದರೆ.